‘ಕೀಪ್’ ಆಯ್ಕೆಯ ಕೆಳಗಿನ ಎರಡು ಸಾಲು

ಜನವರಿ 12

ಅಕ್ಕಾ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೇಲ್ ಕಳಿಸಿದರೆ ಅಂಥ ವಿಳಾಸವೇ ಇಲ್ಲವೆಂದು ವಾಪಸು ಬರುತ್ತದೆ. ಕೊನೆಗೆ ನಿನ್ನ ಹಳೆಯ ಪ್ರೆಸ್ಸಿಗೇ ಹೋಗಿ ಈ ವಿಳಾಸ ಇಸಕೊಂಡೆ. ಅವರೂ ಕೊಡಲು ಹಿಂದೆಮುಂದೆ ನೋಡಿದರು. “ತಂಗಿ ಅಂತೀರಿ, ಅಕ್ಕ ಎಲ್ಲಿದ್ದಾರೆ ಅಂತ ಗೊತ್ತಿಲ್ಲ ಅಂತೀರಿ!” ಎಂದರು ಕೌಂಟರಿನವರು.

ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಕೂಡಿ ಕಟ್ಟಿದ ಪ್ರೋಗ್ರಾಮಿಂಗ್ ಭಾಷೆ ಇನ್ನೂ ಉಸಿರಾಡುತ್ತಿದೆ. ಶಾಲೆಗಳಲ್ಲಿ, ಸಣ್ಣಪುಟ್ಟ ಪ್ರಯೋಗಾಲಯಗಳಲ್ಲಿ ಅದನ್ನು ಬಿಡದೆ ಬಳಸುವವರಿದ್ದಾರೆ. ಅದರ ಒಂಬತ್ತನೆಯ ಆವೃತ್ತಿ ಈ ವರ್ಷ ಬರಬೇಕು. ಅದಕ್ಕೆ ಮೊದಲು ನೀನು ಬರೆದಿದ್ದ ಕೈಪಿಡಿಯ ಒಂದು ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆಯಬೇಕಾಗಿದೆ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡುವಾಗ ಎರಡು ಅಡ್ಡಗೆರೆ ಎಳೆದು ಕೊನೆಗೆ ಒಂದು ಪುಟ್ಟ ಪದ ಸೇರಿಸುತ್ತೇವಲ್ಲ, ಆ ಆಯ್ಕೆಗಳ ಅಧ್ಯಾಯ. ನೀನು ಬಿಟ್ಟುಹೋದಾಗ ನಲವತ್ತಮೂರು ಆಯ್ಕೆಗಳಿದ್ದವು. ಈಗ ಅರವತ್ತೊಂದು. ನಿನ್ನ ನಂತರದ ಹದಿನೆಂಟಕ್ಕೆ ಪ್ರೋಗ್ರಾಮು ಬರೆದವರೇ ವಿವರಣೆ ಬರೆದಿದ್ದಾರೆ. ಅದು ಬರೆದವರಿಗೆ ಮಾತ್ರ ಅರ್ಥವಾಗುತ್ತದೆ. ಕೆಲವು ಅವರಿಗೂ ಆಗುವುದಿಲ್ಲ.

ಕೆಲಸ ನನ್ನ ತಲೆಗೆ ಬಂದಿದೆ. ತಂಡದ ಉಳಿದ ನಾಲ್ವರು ನಾಲ್ಕು ದಿಕ್ಕಿನಲ್ಲಿದ್ದಾರೆ, ಅವರ ಮುಖವನ್ನು ನಾನು ಪರದೆಯಲ್ಲಿ ಮಾತ್ರ ನೋಡಿದ್ದೇನೆ. ಬೆಳಗ್ಗೆ ಬಸ್ ಡಿಪೋ ಕಾಣುವ ಕಿಟಕಿಯ ಪಕ್ಕ ಕೂರುತ್ತೇನೆ, ಸಂಜೆ ಏಳುತ್ತೇನೆ. ಎಷ್ಟೋ ದಿನ ಮೊದಲ ಮಾತು ಆಡುವುದೇ ಸಂಜೆ, ಅಂಗಡಿಯವನ ಹತ್ತಿರ.

ನಿನ್ನ ಹಳೆಯ ವಾಕ್ಯಗಳನ್ನು ತಿದ್ದಬೇಕಾಗುತ್ತದೆ. ಕೇಳದೆ ಕೈಹಾಕಲು ಮನಸ್ಸಾಗಲಿಲ್ಲ. ಮೊದಲ ಇಪ್ಪತ್ತು ಆಯ್ಕೆಗಳ ಕರಡು ಇದರ ಜೊತೆಗಿದೆ. ನೋಡುತ್ತೀಯಾ?

ತಂಗಿ


ಫೆಬ್ರುವರಿ 3

ಚೂಟಿಗೆ,

ಕಾಗದ ಬಂತು. ಐವತ್ತೆರಡು ವರ್ಷದವಳನ್ನು ಚೂಟಿ ಎಂದು ಕರೆಯಬಾರದೇನೋ, ಬೇರೆ ಹೆಸರಿನಿಂದ ಕರೆದು ನನಗೆ ಅಭ್ಯಾಸವಿಲ್ಲ.

ಕರಡು ತಿದ್ದಿ ಕಳಿಸಿದ್ದೇನೆ. “ಬಳಕೆದಾರನು ತನ್ನ ಇಚ್ಛಾನುಸಾರ ಸದರಿ ಆಯ್ಕೆಯನ್ನು ಬಳಸಬಹುದಾಗಿರುತ್ತದೆ” ಎಂದು ಏಳು ಕಡೆ ಬರೆದಿದ್ದೀಯ. ಬೇಕಾದವರು ಬಳಸುತ್ತಾರೆ, ಬೇಡವಾದವರು ಬಿಡುತ್ತಾರೆ, ಅದನ್ನು ನೀನು ಹೇಳಬೇಕಾಗಿಲ್ಲ. ಏಳನ್ನೂ ಹೊಡೆದುಹಾಕಿದ್ದೇನೆ. ಹನ್ನೊಂದನೆಯ ಆಯ್ಕೆಯಲ್ಲಿ ನಾನು ಹಾಕಿದ್ದ ಅಲ್ಪವಿರಾಮ ತೆಗೆದಿದ್ದೀಯ. ವಾಪಸು ಇಡು.

ನನ್ನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒಬ್ಬ ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಔಷಧಿ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ ಕಾಗದ, ಅದರ ಕರಡು ತಿದ್ದುತ್ತೇನೆ. ಅದನ್ನು ಯಾರೂ ಓದುವುದಿಲ್ಲ. ತಪ್ಪಾದ ದಿನ ಎಲ್ಲರೂ ಓದುತ್ತಾರೆ. ಅದು ನಿನಗೂ ಗೊತ್ತು.

ಉಳಿದದ್ದನ್ನು ಕಳಿಸು.

ಅಕ್ಕ


ಫೆಬ್ರುವರಿ 20

ಅಕ್ಕಾ,

ಅಲ್ಪವಿರಾಮ ವಾಪಸು ಇಟ್ಟಿದ್ದೇನೆ. ಅದಿಲ್ಲದೆ ಆ ವಾಕ್ಯ ಕುಂಟುತ್ತಿತ್ತು ಎಂದು ಇಟ್ಟಮೇಲೆ ಗೊತ್ತಾಯಿತು.

ಕೆಂಪು ಶಾಯಿಯ ನಿನ್ನ ಅಕ್ಷರ ನೋಡಿ ಹನ್ನೊಂದು ವರ್ಷವಾಗಿತ್ತು. ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಸುಮ್ಮನೆ ನೋಡುತ್ತಾ ಕೂತಿದ್ದೆ. ಆವತ್ತು ಒಂದಕ್ಷರವೂ ಕೆಲಸವಾಗಲಿಲ್ಲ.

ಇಪ್ಪತ್ತೊಂದರಿಂದ ನಲವತ್ತಮೂರರವರೆಗಿನದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮೂವತ್ತನಾಲ್ಕನೆಯದು ‘ಕೀಪ್’. ಅದನ್ನು ಬಿಟ್ಟು ಕಳಿಸೋಣವೆಂದು ಮೂರು ಸಲ ಲಕೋಟೆಯಿಂದ ಆ ಹಾಳೆ ತೆಗೆದೆ. ಆಮೇಲೆ ನಾನೇ ಇಟ್ಟೆ.

ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಲಿಫ್ಟು ಕೆಟ್ಟು ತಿಂಗಳಾಯಿತು, ಮೂರು ಮಹಡಿ ಹತ್ತುವಷ್ಟರಲ್ಲಿ ಮೊಣಕಾಲು ಮಾತಾಡುತ್ತದೆ. ನಿನ್ನ ಮೊಣಕಾಲು ಹೇಗಿದೆ?

ತಂಗಿ


ಮಾರ್ಚ್ 4

ಚೂಟಿ,

ಮೊಣಕಾಲು ಇದೆ.

ಹಾಳೆಗಳನ್ನು ಕಳಿಸಿದ್ದೇನೆ. ಮೂವತ್ತನಾಲ್ಕನೆಯದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರಲ್ಲಿ ನೀನು ಬರೆದಿರುವುದು ಇಷ್ಟು:

“ಮೊದಲ ಮೂರು ಆವೃತ್ತಿಗಳಲ್ಲಿ ಈ ಆಯ್ಕೆ ಕೊಟ್ಟರೆ ಹಳೆಯ ಕಡತ ಹಾಗೇ ಉಳಿಯುತ್ತಿತ್ತು. ನಾಲ್ಕನೆಯ ಆವೃತ್ತಿಯಿಂದ ಇದರ ಅರ್ಥ ಬದಲಾಯಿತು. ತಾತ್ಕಾಲಿಕ ಕಡತಗಳು ಮಾತ್ರ ಉಳಿಯುತ್ತವೆ, ಹಳೆಯ ಕಡತ ಅಳಿಯುತ್ತದೆ.”

ನಾನು ನಲವತ್ತು ವರ್ಷ ಕರಡು ತಿದ್ದಿದವಳು. “ಬದಲಾಯಿತು” ಎಂದರೇನು? ತಾನಾಗಿಯೇ ಬದಲಾಯಿತೇ, ಎಲೆ ಹಣ್ಣಾದ ಹಾಗೆ? ಈ ವಾಕ್ಯದಲ್ಲಿ ಕರ್ತೃ ಎಲ್ಲಿ?

ಹನ್ನೊಂದು ವರ್ಷದ ಕೆಳಗೆ, ಒಬ್ಬರ ಕಡತ ಅಳಿದುಹೋಯಿತೆಂದು ಕರೆದ ಆ ಸಭೆಯಲ್ಲಿ, ಅಷ್ಟು ಜನರ ಮುಂದೆ, ನಾನು ನಿನ್ನನ್ನೇ ಕೇಳಿದೆ: “ನಾನು ತಪ್ಪು ಬರೆದ್ನಾ? ಮೊದಲಿಂದ ಪ್ರೋಗ್ರಾಮು ಹೀಗೇ ಇತ್ತಾ?” ನೀನು ಮೇಜು ನೋಡಿಕೊಂಡು “ಇರಬಹುದು ಅಕ್ಕಾ” ಎಂದೆ.

ಮೊದಲಿಂದ ಹೀಗೇ ಇತ್ತೋ, ನಾಲ್ಕನೆಯ ಆವೃತ್ತಿಯಲ್ಲಿ ಬದಲಾಯಿತೋ? ಎರಡೂ ನಿಜವಾಗಲು ಸಾಧ್ಯವಿಲ್ಲ.

ಅಕ್ಕ


ಮಾರ್ಚ್ 11

ಅಕ್ಕಾ,

ನಾನು ಬದಲಾಯಿಸಿದೆ.

ನಾಲ್ಕನೆಯ ಆವೃತ್ತಿ ಹೊರಬರುವ ಎಂಟು ದಿನ ಮೊದಲು. ದೊಡ್ಡ ಕಡತಗಳಿದ್ದಾಗ ಪ್ರೋಗ್ರಾಮು ತೆವಳುತ್ತಿತ್ತು, ಹಳೆಯ ಪ್ರತಿ ಇಡುವುದನ್ನು ನಿಲ್ಲಿಸಿದರೆ ಬೇಗ ಓಡುತ್ತದೆಂದು ಗೊತ್ತಾಯಿತು. ಹನ್ನೆರಡು ಸಾಲು ತೆಗೆದೆ, ಐದು ಸಾಲು ಹಾಕಿದೆ. ‘ಕೀಪ್’ ಎಂಬ ಹೆಸರು ಹಾಗೇ ಇರಲಿ, ಬೇರೆ ಕೆಲಸಕ್ಕೆ ಬರುತ್ತದೆ ಎಂದುಕೊಂಡೆ. ನಿನಗೆ ಹೇಳಬೇಕು ಎಂದೂ ಅಂದುಕೊಂಡೆ. ಆ ವಾರ ನಿನಗೆ ಜ್ವರವಿತ್ತು. ಆಮೇಲೆ ಮರೆತೆ. ನಿಜವಾಗಿಯೂ ಮರೆತೆ, ಅಲ್ಲಿಯವರೆಗಿನದು ಬರೀ ಮರೆವು.

ಮಳೆ ಮೇಷ್ಟ್ರ ಕಡತ ಹೋದ ವಿಷಯ ಬಂದ ದಿನ ಅದು ನೆನಪಾಯಿತು. ಹತ್ತೊಂಬತ್ತು ವರ್ಷ ಶಾಲೆಯ ಅಂಗಳದಲ್ಲಿ ದಿನಕ್ಕೆ ಮೂರು ಹೊತ್ತು ಬಿಸಿಲು, ಮಳೆ, ಗಾಳಿ ಅಳೆದಿಟ್ಟಿದ್ದ ಮನುಷ್ಯ. ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು, ನಿನ್ನ ಕೈಪಿಡಿ ತೆರೆದಿಟ್ಟುಕೊಂಡು, ‘ಕೀಪ್’ ಎಂದು ಟೈಪು ಮಾಡಿ ಗುಂಡಿ ಒತ್ತಿದರು. ಖಾಲಿ ಕಡತ ಉಳಿಯಿತು. ಬೇರೆ ಪ್ರತಿ ಇಟ್ಟುಕೊಳ್ಳಲಿಲ್ಲವೇ ಎಂದು ಕೇಳಿದವರಿಗೆ ಅವರು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: “ಹಳೇದು ಇರುತ್ತೆ ಅಂತ ಪುಸ್ತಕದಲ್ಲೇ ಬರೆದಿತ್ತಲ್ಲ.”

ಪುಸ್ತಕದ ಮೇಲೆ ನಿನ್ನ ಹೆಸರಿತ್ತು. ಸಭೆಗೆ ಹಿಂದಿನ ದಿನ ನನ್ನ ಯಂತ್ರದಲ್ಲಿ ಪ್ರೋಗ್ರಾಮಿನ ಹಳೆಯ ಪ್ರತಿಗಳನ್ನು ತೆರೆದು ನೋಡಿದ್ದೆ. ನಾನು ಬದಲಾಯಿಸಿದ್ದು ತಾರೀಖು ಸಮೇತ ಇತ್ತು. ಗೊತ್ತಿದ್ದೂ “ಇರಬಹುದು” ಎಂದೆ. ಒಂದು ವಾರದಲ್ಲಿ ಹೇಳುತ್ತೇನೆ, ಬಿಸಿ ಆರಲಿ ಎಂದುಕೊಂಡೆ. ಅಷ್ಟರಲ್ಲಿ ನೀನು ಕ್ಷಮಾಪಣೆ ಬರೆದು ಅಚ್ಚು ಹಾಕಿಸಿ, ಕೋಣೆ ಖಾಲಿ ಮಾಡಿ ಹೋಗಿಬಿಟ್ಟಿದ್ದೆ.

“ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ ನೀನು” ಎಂದು ಹೋಗುವಾಗ ಹೇಳಿದೆ. ಅಷ್ಟೇ ನನ್ನ ತಪ್ಪೆಂದು ನೀನು ತಿಳಿದಿದ್ದೆ. ನಾನೂ ಹಾಗೇ ತಿಳಿಯಲು ಬಿಟ್ಟೆ.

ಇದಕ್ಕಿಂತ ಹೆಚ್ಚು ಬರೆದರೆ ಸಮಜಾಯಿಷಿ ಆಗುತ್ತದೆ.

ತಂಗಿ


ಏಪ್ರಿಲ್ 29

ಅಕ್ಕಾ,

ಏಳು ವಾರವಾಯಿತು. ದಿನಾ ಕೆಳಗಿಳಿದು ಅಂಚೆ ಡಬ್ಬಿ ನೋಡಿ ಬರುತ್ತೇನೆ. ಪಕ್ಕದ ಮನೆಯಾಕೆ “ಯಾವುದಾದ್ರೂ ಕೆಲಸಕ್ಕೆ ಅರ್ಜಿ ಹಾಕಿದ್ದೀರಾ?” ಎಂದು ಕೇಳಿದರು. ಹೌದೆಂದೆ.

ಉತ್ತರ ಕೊಡು ಎಂದು ಕೇಳುವ ಮುಖ ನನಗಿಲ್ಲ. ಬದುಕಿದ್ದೀಯೆಂದು ತಿಳಿದರೆ ಸಾಕು. ಬೈದಾದರೂ ಬರೆ.

ಉಳಿದ ಅರವತ್ತು ಆಯ್ಕೆಗಳು ಮುಗಿದಿವೆ. ಮೂವತ್ತನಾಲ್ಕು ಖಾಲಿ ಇದೆ.

ತಂಗಿ


ಜೂನ್ 8

ಚೂಟಿ,

ಬದುಕಿದ್ದೇನೆ.

ಬೈಯಲು ಕೂತೆ. ಮೂರು ಕಾಗದ ಬರೆದು ಹರಿದೆ. ಆ ಜ್ವರದ ವಿಷಯ ಬರೆಯಬಾರದಿತ್ತು ನೀನು. ಅದನ್ನು ಓದಿ ನಿನಗೆ ನೆಪ ಕೊಟ್ಟವಳು ನಾನೇ ಎಂಬಂತಾಯಿತು.

ನಿನಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ನಾನು ಯಾಕೆ ಈ ಊರಿಗೆ ಬಂದೆ ಎಂದು ನೀನು ಕೇಳಲಿಲ್ಲ. ಮೇಷ್ಟ್ರು ಇರುವುದು ಇಲ್ಲೇ. ಬಂದ ಮೇಲೂ ಎರಡು ವರ್ಷ ಅವರ ಮನೆಯ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಎದುರಿನ ರಸ್ತೆಯಲ್ಲಿ ನಡೆದು ವಾಪಸು ಬರುತ್ತಿದ್ದೆ. ಒಂದು ದಿನ ಅವರೇ ಗೇಟಿನ ಹತ್ತಿರ ನಿಂತಿದ್ದರು. “ಯಾರನ್ನಾದ್ರೂ ಹುಡುಕ್ತಿದ್ದೀರಾ?” ಎಂದರು. “ಆ ಕೈಪಿಡಿ ಬರೆದವಳು ನಾನು” ಎಂದೆ. ಗೇಟು ತೆಗೆದು ಒಳಗೆ ನಡೆದರು. ನಾನೂ ಹಿಂದೆ ಹೋದೆ.

ಎಲ್ಲವೂ ಹೋಯಿತೆಂದು ನಾವು ತಿಳಿದಿದ್ದೆವಲ್ಲ, ಅದು ಪೂರ್ತಿ ನಿಜವಲ್ಲ. ಕಡತಕ್ಕೆ ಏರಿಸುವ ಮೊದಲು ಕೈಯಲ್ಲಿ ಬರೆದಿಟ್ಟ ನೋಟುಪುಸ್ತಕಗಳು ಒಂದು ಪೆಟ್ಟಿಗೆಯಲ್ಲಿದ್ದವು. ನೀರು ಕುಡಿದು ಉಬ್ಬಿದ್ದವು, ಎಷ್ಟೋ ಕಡೆ ಶಾಯಿ ಹರಡಿತ್ತು. ಆ ಅಂಕಿಗಳನ್ನು ಅವರಿಗಲ್ಲದೆ ಬೇರೆಯವರಿಗೆ ಓದಲು ಆಗದು. ಅವರ ಕೈ ನಡುಗುತ್ತದೆ, ಟೈಪು ಮಾಡಲಾರರು. “ನೀವು ಓದಿ, ನಾನು ಟೈಪ್ ಮಾಡ್ತೀನಿ” ಎಂದೆ.

ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ, ಪ್ರತಿ ಗುರುವಾರ ಹೋಗುತ್ತಿದ್ದೇನೆ. ಅವರು ಭೂತಗನ್ನಡಿ ಹಿಡಿದು ಓದುತ್ತಾರೆ: “ಇಪ್ಪತ್ತೇಳು ಪಾಯಿಂಟ್ ನಾಲ್ಕು.” ನಾನು “ಹೂಂ” ಎನ್ನುತ್ತೇನೆ. “ಮಳೆ ಇಲ್ಲ.” “ಹೂಂ.” ನಮ್ಮ ನಡುವಿನ ಮಾತು ಹೆಚ್ಚುಕಡಿಮೆ ಇಷ್ಟೇ. ಕೆಲವು ಸಲ ಅಂಚಿನಲ್ಲಿ ಏನಾದರೂ ಬರೆದಿರುತ್ತದೆ, “ಹೆಂಡತಿಗೆ ಹುಷಾರಿಲ್ಲ, ಮಧ್ಯಾಹ್ನದ ಲೆಕ್ಕ ತಡವಾಯಿತು” ಎಂದು. ಅದನ್ನು ಅವರು ಗಟ್ಟಿಯಾಗಿ ಓದುವುದಿಲ್ಲ, ಅದರ ಮೇಲೆ ಬೆರಳಿಡುತ್ತಾರೆ. ನಾನು ಕಾಯುತ್ತೇನೆ. ಹದಿನೇಳು ವರ್ಷದ ಲೆಕ್ಕ ಮುಗಿದಿದೆ. ಇನ್ನೆರಡು ವರ್ಷದ್ದು ಉಳಿದಿದೆ.

ನನ್ನ ತಪ್ಪಿಗೆ ನಾನು ಮಾಡುತ್ತಿರುವ ಕೆಲಸ ಎಂದುಕೊಂಡು ಹೋಗುತ್ತಿದ್ದೆ. ಆ ಮನೆಗೆ ಹೋಗಲು ನನಗಿದ್ದ ಕಾರಣ ಅದೊಂದೇ. ನಿನ್ನ ಮಾರ್ಚಿ ತಿಂಗಳ ಕಾಗದ ಬಂದ ಮೇಲೂ ಹೋಗುತ್ತಿದ್ದೇನೆ, ಆದರೆ ಗೇಟಿನ ಹತ್ತಿರ ನಿಂತುಬಿಡುತ್ತೇನೆ. ತಪ್ಪು ನನ್ನದಲ್ಲವಾದರೆ ನಾನು ಯಾರು ಅವರಿಗೆ? ಯಾವ ನೆಂಟಸ್ತಿಕೆಯ ಮೇಲೆ ಒಳಗೆ ಹೋಗಲಿ?

ಹನ್ನೊಂದು ವರ್ಷದ ಹಿಂದೆ ನೀನು ನನ್ನ ಹೆಸರು ಕಿತ್ತುಕೊಂಡೆ. ಈಗ ಇದನ್ನೂ ಕಿತ್ತುಕೊಂಡೆ.

ಆ ಸಾಲನ್ನು ಅಚ್ಚು ಹಾಕಬೇಡ. ತಪ್ಪು ನನ್ನದಾಗಿಯೇ ಇರಲಿ. ಮೇಷ್ಟ್ರು ಹೊಸ ಕೈಪಿಡಿ ಬಂದರೆ ತಪ್ಪದೆ ಓದುವವರು.

ಅಕ್ಕ


ಜೂನ್ 17

ಅಕ್ಕಾ,

ನಿನ್ನ ಕಾಗದವನ್ನು ನಿಂತೇ ಓದಿದೆ, ಮೆಟ್ಟಿಲಿನ ಮೇಲೆ. ಆಮೇಲೆ ಅಲ್ಲೇ ಕೂತೆ. ಜನ ನನ್ನನ್ನು ದಾಟಿಕೊಂಡು ಹತ್ತಿ ಇಳಿದರು.

ಒಂಬತ್ತು ವರ್ಷ. ನಾನು ಹೇಳಿದ್ದ ಒಂದು “ಇರಬಹುದು”ಗೆ.

ನೀನು ಕೇಳಿದ್ದನ್ನು ಮಾಡಿಕೊಡಬೇಕೆಂದು ನನಗೆ ಆಸೆ. ಆದರೆ ಆ ಸಾಲು ಇರಲೇಬೇಕು ಅಕ್ಕಾ. ಹಳೆಯ ಯಂತ್ರಗಳಲ್ಲಿ ನಾಲ್ಕನೆಯ ಆವೃತ್ತಿಯನ್ನೇ ಓಡಿಸುವ ಶಾಲೆಗಳು ಇನ್ನೂ ಇವೆ. ಕಳೆದ ತಿಂಗಳು ಒಬ್ಬ ಟೀಚರು ಅದರ ಬಗ್ಗೆ ಪ್ರಶ್ನೆ ಕಳಿಸಿದ್ದರು. ಅಲ್ಲಿ ಉಳಿದಿರುವ ಹಳೆಯ ಕೈಪಿಡಿಯ ನಿನ್ನ ವಾಕ್ಯ ನೋಡಿಕೊಂಡು ಯಾರೋ ಇವತ್ತೂ ‘ಕೀಪ್’ ಎಂದು ಟೈಪು ಮಾಡುತ್ತಿರಬಹುದು. ಇನ್ನೊಬ್ಬರ ಕಡತ ಖಾಲಿಯಾಗುವುದನ್ನು ನೀನೂ ಒಪ್ಪುವುದಿಲ್ಲ.

ಹೆಸರಿಲ್ಲದೆ ಬರೆಯಬಹುದು. “ಬದಲಾಯಿತು” ಎಂದೇ ಬಿಡಬಹುದು. ಮೇಷ್ಟ್ರಿಗೆ ಯಾರೆಂದು ತಿಳಿಯದು. ನೀನು ಹಾಗೆ ಬೇಕೆಂದರೆ ಹಾಗೆ ಮಾಡುತ್ತೇನೆ. ಆದರೆ ನನಗೆ ಬೇಕಾಗಿರುವುದು ಬೇರೆ. ಈಗ ಹೀಗೆ ಬರೆದಿದ್ದೇನೆ:

“ನಾಲ್ಕನೆಯ ಆವೃತ್ತಿಯಲ್ಲಿ ಇದರ ಅರ್ಥವನ್ನು ಪ್ರೋಗ್ರಾಮು ಬರೆದ ನಾನು ಬದಲಾಯಿಸಿದೆ, ಕೈಪಿಡಿ ಬರೆದವರಿಗೆ ತಿಳಿಸಲಿಲ್ಲ. ನಾಲ್ಕರಿಂದ ಎಂಟರವರೆಗಿನ ಆವೃತ್ತಿ ಬಳಸುವವರು ಮೊದಲು ಕಡತದ ಬೇರೆ ಪ್ರತಿ ಮಾಡಿಟ್ಟುಕೊಳ್ಳಿ.”

ಒಂಬತ್ತನೆಯದರಲ್ಲಿ ‘ಕೀಪ್’ ಎಂದರೆ ಮತ್ತೆ ಹಳೆಯ ಕಡತ ಉಳಿಯುತ್ತದೆ. ಅದನ್ನೂ ನಾನೇ ಬದಲಾಯಿಸಿದೆ. ಈ ಸಲ ಉಳಿದ ನಾಲ್ವರಿಗೂ ಹೇಳಿ, ಹನ್ನೊಂದು ವರ್ಷದ ಕೆಳಗೆ ನಡೆದದ್ದನ್ನೂ ಹೇಳಿ, ಬದಲಾಯಿಸಿದೆ. ಒಬ್ಬ ಕ್ಯಾಮೆರಾ ಆಫ್ ಮಾಡಿದ.

ಇನ್ನೆರಡು ವರ್ಷದ ಲೆಕ್ಕ ಉಳಿದಿದೆ ಎಂದೆಯಲ್ಲ. ಅದನ್ನು ನಾನು ಬಂದು ಟೈಪು ಮಾಡಲೇ? ಮೇಷ್ಟ್ರ ಮುಂದೆ ಕೂತು?

ಹಾಳೆ ಕಳಿಸಿದ್ದೇನೆ. ನೀನು ತಿದ್ದುವವರೆಗೂ ಅಚ್ಚಿಗೆ ಕೊಡುವುದಿಲ್ಲ.

ತಂಗಿ


ಜುಲೈ 21

ಚೂಟಿ,

ನೀನು ಮೇಷ್ಟ್ರಿಗೆ ಕಾಗದ ಬರೆದುಬಿಡುತ್ತೀಯೇನೋ ಎಂಬ ಹೆದರಿಕೆಯಿಂದ ನಾನೇ ಹೇಳಿದೆ. ಅವರು ಒಂದು ಪುಟ ಮುಗಿಸಿ ಹಾಳೆ ತಿರುಗಿಸುತ್ತಿದ್ದರು.

“ಮೇಷ್ಟ್ರೇ, ಒಂದು ವಿಷಯ ಹೇಳ್ಬೇಕು. ಆ ತಪ್ಪು ನನ್ನದಲ್ಲ.”

“ಯಾವ ತಪ್ಪು?”

“ನಿಮ್ಮ ಕಡತ ಹೋಯ್ತಲ್ಲ, ಅದು. ನಾನು ಬರೆದಾಗ ಸರಿಯಾಗೇ ಇತ್ತು. ಆಮೇಲೆ ನನ್ನ ತಂಗಿ ಬದಲಾಯಿಸಿದ್ಳು. ನನಗೆ ಹೇಳ್ಲಿಲ್ಲ. ನನಗೂ ಈಗಲೇ ಗೊತ್ತಾಗಿದ್ದು.”

ಅವರು ಭೂತಗನ್ನಡಿ ಕೆಳಗಿಟ್ಟರು. ಎದುರು ಮನೆಯಲ್ಲಿ ಯಾರೋ ಚಾಪೆ ಒದರುತ್ತಿದ್ದರು.

“ಹಾಗಾದ್ರೆ ನೀವು ಇನ್ನು ಬರಲ್ವಾ?” ಎಂದರು. ನನ್ನ ಮುಖ ನೋಡದೆ, ಪುಸ್ತಕ ನೋಡಿಕೊಂಡು.

ಅವರೇ ಪುಸ್ತಕ ಮುಚ್ಚಿದರು. “ಇವತ್ತಿಗೆ ಸಾಕು” ಎಂದರು. ಗೇಟಿನವರೆಗೆ ಬಂದು ಬಿಟ್ಟುಹೋದರು. ಒಂಬತ್ತು ವರ್ಷದಲ್ಲಿ ಅವರು ಹಾಗೆ ಬಂದದ್ದು ಅದೇ ಮೊದಲು. ಹೋಗಿಬನ್ನಿ ಎನ್ನಲಿಲ್ಲ, ನಾನೂ ಬರುತ್ತೇನೆ ಎನ್ನಲಿಲ್ಲ.

ಮುಂದಿನ ವಾರ ಹೋಗಲಿಲ್ಲ. ಮಧ್ಯಾಹ್ನವೆಲ್ಲ ಔಷಧಿ ಕಾಗದದ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಾ ಕೂತಿದ್ದೆ. ಕೆಳಗೆ ದರ್ಜಿಯ ಯಂತ್ರ ಓಡುತ್ತಿತ್ತು. ಈ ಊರಿನಲ್ಲಿ ನನ್ನನ್ನು ಕಾಯುವವರು ಯಾರಾದರೂ ಇದ್ದರೆ ಅದು ಆ ಒಂದು ಮನೆಯಲ್ಲಿ ಎಂದು ಆವತ್ತು ಹೊಳೆಯಿತು. ಅದರ ಮುಂದಿನ ವಾರ ಎದ್ದು ಹೋದೆ. ಬಾಗಿಲು ತೆರೆದೇ ಇತ್ತು. ನನ್ನ ಕುರ್ಚಿ ಎಳೆದಿಟ್ಟಿದ್ದರು. ಪುಸ್ತಕ ಅದೇ ಪುಟಕ್ಕೆ ತೆರೆದಿತ್ತು. ನಾನು ಕೂತೆ.

“ಹತ್ತೊಂಬತ್ತನೇ ತಾರೀಖು, ಬೆಳಗ್ಗೆ” ಎಂದು ಶುರು ಮಾಡಿದರು.

ಹತ್ತು ಸಾಲು ಆದ ಮೇಲೆ, ನಡುವೆ ನಿಲ್ಲಿಸಿ ಕೇಳಿದರು. “ತಂಗಿ ಒಬ್ಬರೇ ಇರೋದಾ?”

“ಒಬ್ಬಳೇ. ಇಲ್ಲಿಗೆ ಬಂದು ಉಳಿದದ್ದನ್ನ ತಾನು ಟೈಪ್ ಮಾಡ್ತೀನಿ ಅಂತಾಳೆ.”

“ಬೇಡ” ಎಂದರು ತಕ್ಷಣ. ಆಮೇಲೆ ಸ್ವಲ್ಪ ಮೆತ್ತಗೆ, “ಕೋಪ ಅಂತಲ್ಲ. ಇದ್ರೂ ಇರಬಹುದು. ಆದ್ರೆ ಈ ಕೆಲಸಕ್ಕೆ ಇಬ್ಬರು ಸಾಕು.”

ಹಾಗಾಗಿ ನೀನು ಕೇಳಿದ್ದಕ್ಕೆ ಉತ್ತರ ‘ಬೇಡ’ ಎಂದೇ. ಅವರ ಪಾಲಿನ ಉತ್ತರ ಅದು, ನನ್ನದೂ ಅದೇ. ಆ ಎರಡು ವರ್ಷ ನನ್ನದು. ಈಗೀಗ ಅವರು ಒಂದೊಂದು ಸಾಲನ್ನೂ ಎರಡೆರಡು ಸಲ ಓದುತ್ತಾರೆ. ನಾನೂ ನಿಧಾನವಾಗಿಯೇ ಟೈಪು ಮಾಡುತ್ತೇನೆ.

ನಿನ್ನ ಹಾಳೆ ನೋಡಿದೆ. ವಾಕ್ಯ ಸರಿಯಾಗಿದೆ. ಏನೂ ತಿದ್ದಿಲ್ಲ. ಅಚ್ಚಿಗೆ ಕೊಡು.

ಕ್ಷಮಿಸಿದ್ದೇನೆಂದು ತಿಳಿಯಬೇಡ. ಅದು ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ಮೆಟ್ಟಿಲ ಮೇಲೆ ಕೂತು ಕಾಗದ ಓದುವ ವಯಸ್ಸಲ್ಲ ನಿನ್ನದು. ಬರುವುದಾದರೆ ಬಾ. ಬಸ್ಸಿಳಿದು ದರ್ಜಿ ಅಂಗಡಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಯಾವ ದಿನವಾದರೂ ಸರಿ, ಗುರುವಾರ ಒಂದು ಬಿಟ್ಟು. ಗುರುವಾರ ನಾನು ಮನೆಯಲ್ಲಿರುವುದಿಲ್ಲ.

ಅಕ್ಕ